ಲೇತಿಗೆ ಹೊದಿಕೆ ಹೊಲಿದವಳು

ಆಕೆಯ ವಿಷಯ ಹೇಳಬೇಕಾದರೆ ಮೊದಲು ಕಸದ ವಿಷಯ ಹೇಳಬೇಕು, ಬೇರೆ ದಾರಿಯಿಲ್ಲ. ಮನೆಯ ಕಸವಾದರೆ ಗುಡಿಸಿ ಹೊರಗೆ ಹಾಕಿದರೆ ಮುಗಿಯಿತು. ಲೋಹ ಕಡೆಯುವ ಲೇತಿನ ಕಸ ಅಂಥ ಸಾಧುವಲ್ಲ. ಉಕ್ಕನ್ನು ಕಡೆದರೆ ಉದ್ದುದ್ದ ಸುರುಳಿ ಬರುತ್ತದೆ. ಕೈ ಕೊಯ್ದರೂ ಕಣ್ಣಿಗೆ ಕಾಣುತ್ತದೆ, ಕೊಕ್ಕೆ ಹಾಕಿ ಎಳೆದು ಬಿಸಾಡಬಹುದು. ಹಿತ್ತಾಳೆ ಸೂಜಿಸೂಜಿಯಾಗಿ ಸಿಡಿದು ಅಂಗಿಯ ಕಾಲರಿನೊಳಗೆ ಇಳಿಯುತ್ತದೆ. ಮೈ ಕೆರೆದುಕೊಂಡರೆ ತೀರಿತು. ಬೀಡು ಕಬ್ಬಿಣ ಮಾತ್ರ ಮಹಾ ಕಳ್ಳ. ಅದನ್ನು ಕಡೆದರೆ ಕಾಡಿಗೆಯಂಥ ಕರಿ ಪುಡಿ ಉದುರುತ್ತದೆ, ಸದ್ದಿಲ್ಲದೆ ಸಂದುಗೊಂದಿಗೆಲ್ಲ ನುಗ್ಗುತ್ತದೆ. ಲೇತಿಗೆ ಬೆಡ್ ಎಂಬ ನುಣುಪಾದ ಉದ್ದನೆಯ ಹಾಸು ಇರುತ್ತದೆ. ಉಳಿಯನ್ನು ಹೊತ್ತ ಸ್ಯಾಡಲ್ ಅದರ ಮೇಲೆ ಆಚೆಗೂ ಈಚೆಗೂ ಜಾರುತ್ತದೆ. ಆ ಪುಡಿ ಎಣ್ಣೆಯಲ್ಲಿ ಕಲಸಿಕೊಂಡು ಸ್ಯಾಡಲ್ಲಿನ ಅಡಿಗೆ ಸೇರಿತೆಂದರೆ ದಿನವಿಡೀ ಅಲ್ಲೇ ಕೂತು ಬೆಡ್ಡನ್ನು ಮೇಯುತ್ತದೆ. ಬೆಡ್ ಸವೆದ ಲೇತು ನೇರವಾಗಿ ಕಡೆಯಲಾರದು. ನೇರವಾಗಿ ಕಡೆಯಲಾರದ ಟರ್ನರ್ ಬೀದಿಯಲ್ಲಿ ತಲೆಯೆತ್ತಿ ನಡೆಯಲಾರ.

ಈ ಪುಡಿಗೆ ಅಡ್ಡ ನಿಂತವಳು ಆಕೆ. ಬೀದಿಯವರು ‘ಹೊದಿಕೆ ಅಕ್ಕ’ ಎನ್ನುತ್ತಿದ್ದರು. ಎನ್ನುತ್ತಿದ್ದರು ಎಂದೆ, ಈಗ ಯಾರೂ ಅನ್ನುವುದಿಲ್ಲ. ಯಾಕೆ ಅನ್ನುವುದಿಲ್ಲ ಎಂಬುದನ್ನೇ ಹೇಳಲು ಹೊರಟಿರುವುದು. ಹೇಳುವಾಗ ನಡುನಡುವೆ ಸಿಟ್ಟು ಬಂದರೆ ಓದುವವರು ಸಹಿಸಿಕೊಳ್ಳಬೇಕು.

ಆ ಬೀದಿಯ ತುಂಬ ಶಟರುಗಳು. ಒಂದರಲ್ಲಿ ವೆಲ್ಡಿಂಗು, ಇನ್ನೊಂದರಲ್ಲಿ ಗೇರು ಕತ್ತರಿಸುವುದು, ಮತ್ತೊಂದರಲ್ಲಿ ಸಾಣೆ. ಆಕೆಯ ಮನೆಯ ಮುಂದಿನ ಕೋಣೆಯೇ ಗಂಡನ ವರ್ಕ್‌ಶಾಪು. ಅಡುಗೆಮನೆಗೂ ಲೇತಿಗೂ ನಡುವೆ ಇದ್ದದ್ದು ಒಂದು ಗೋಡೆ, ಒಂದು ಬಾಗಿಲು. ಬಾಗಿಲಿಗೆ ಪರದೆ ಕಟ್ಟಿದರೂ ಊಟದ ತಟ್ಟೆಯಲ್ಲಿ ಪುಡಿ, ದಿಂಬಿನ ಮೇಲೆ ಪುಡಿ, ಮಗಳ ತಲೆ ಬಾಚಿದರೆ ಬಾಚಣಿಗೆಯಲ್ಲೂ ಪುಡಿ. ಗಂಡ ಒಳ್ಳೆಯ ಟರ್ನರ್. ಅಲ್ಲವೆಂದರೆ ಬಾಯಲ್ಲಿ ಹುಳ ಬಿದ್ದಾವು. ಮೇಜಿನೆತ್ತರದ ಆ ಪುಟ್ಟ ಲೇತನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಬೆಡ್ಡಿನ ಮೇಲೆ ಹಳೆ ಪೇಪರ್ ಹಾಸುತ್ತಿದ್ದ, ಪೇಪರು ಎಣ್ಣೆ ಕುಡಿದು ಹರಿದಾಗ ಗೋಣಿ ಹಾಸುತ್ತಿದ್ದ, ಗೋಣಿಯ ನಾರು ಸ್ಯಾಡಲ್ ಓಡಿಸುವ ಉದ್ದ ಸ್ಕ್ರೂವಿಗೆ ಸುತ್ತಿಕೊಂಡಾಗ ಗೋಣಿಗೂ ಅದನ್ನು ನೇಯ್ದವರಿಗೂ ಸೇರಿಸಿ ಬೈಯುತ್ತಿದ್ದ.

ಬೈಗುಳ ಕೇಳಿ ಕೇಳಿ ಸಾಕಾಗಿ ಆಕೆ ಒಂದು ದಿನ ಮುರಿದ ಕೊಡೆಯ ಬಟ್ಟೆ ಬಿಚ್ಚಿಕೊಂಡು ಹೊಲಿಗೆ ಮೆಷಿನ್ನಿನ ಮುಂದೆ ಕೂತಳು. ಸ್ಯಾಡಲ್ ಹತ್ತಿರ ಬಂದಾಗ ಹೊದಿಕೆ ಮುದುಡಿಕೊಳ್ಳಬೇಕು, ದೂರ ಹೋದಾಗ ಬಿಚ್ಚಿಕೊಳ್ಳಬೇಕು. ಅಂದರೆ ನೆರಿಗೆ ಬೇಕು. ಮಗಳ ಸ್ಕೂಲಿನ ಸ್ಕರ್ಟಿಗೆ ನೆರಿಗೆ ಹಿಡಿದು ಹಿಡಿದು ಆಕೆಗೆ ಅದು ನೀರು ಕುಡಿದಷ್ಟು ಸುಲಭ. ಎರಡು ತುದಿಗೂ ಕೆಟ್ಟುಹೋದ ರೇಡಿಯೋ ಸ್ಪೀಕರಿನ ಮ್ಯಾಗ್ನೆಟ್ ಹೊಲಿದು, ಲೇತಿಗೆ ಟಪ್ಪೆಂದು ಅಂಟಿಸಿ, ಬೀಗುತ್ತಾ ಒಳಗೆ ಹೋದಳು. ಸಂಜೆ ಬಂದು ನೋಡಿದರೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಕೋಣೆಯ ಪುಡಿಯೆಲ್ಲ ಮ್ಯಾಗ್ನೆಟ್ಟಿಗೇ ಮುತ್ತಿತ್ತು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ, ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ. ಆಕೆಯೂ ನಕ್ಕಳು. ಆಗಿನ ನಗೆಯಲ್ಲಿ ವಿಷವಿರಲಿಲ್ಲ.

ಎರಡನೆಯ ಹೊದಿಕೆಗೆ ಹಿತ್ತಾಳೆಯ ಕೊಕ್ಕೆ ಹಾಕಿದಳು. ಈ ಸಲ ನೆರಿಗೆಗಳು ಜೋತುಬಿದ್ದು ಸ್ಕ್ರೂವಿಗೆ ತಗುಲತೊಡಗಿದವು. ಒಳಗೆ ಗಟ್ಟಿಯಾದದ್ದೇನಾದರೂ ಬೇಕಿತ್ತು. ಆಸ್ಪತ್ರೆಯಲ್ಲಿ ಕಸ ಗುಡಿಸುವ ಗೆಳತಿಯೊಬ್ಬಳು ಬಿಸಾಡಿದ ಎಕ್ಸ್‌ರೇ ಹಾಳೆಗಳನ್ನು ತಂದುಕೊಟ್ಟಳು. ಅವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಒಂದೊಂದು ನೆರಿಗೆಯೊಳಗೂ ಸೇರಿಸಿ ಹೊಲಿದಳು. ಯಾರದೋ ಪಕ್ಕೆಲುಬು, ಯಾರದೋ ಮುರಿದ ಮೊಣಕೈ, ಎಲ್ಲ ಸಾಲಾಗಿ ನಿಂತು ಲೇತು ಕಾಯತೊಡಗಿದವು. ಸ್ಯಾಡಲ್ಲಿಗೆ ತಾಗುವ ಅಂಚಿಗೆ ಬೂಟಿನೊಳಗೆ ಹಾಕುವ ದಪ್ಪ ಉಣ್ಣೆಯ ಫೆಲ್ಟನ್ನು ಕತ್ತರಿಸಿ ಕೂರಿಸಿದಳು; ಎಣ್ಣೆ ಕುಡಿದ ಆ ಫೆಲ್ಟು ಬೆಡ್ಡನ್ನು ಒರೆಸಿಕೊಂಡೇ ಓಡಾಡುತ್ತಿತ್ತು. ಆಕೆಯ ಹಳೆ ಮೆಷಿನ್ನಿಗೆ ಮೂಲೆ ತಿರುಗುವಾಗ ಒಂದು ಹೊಲಿಗೆ ಹಾರಿಸುವ ಚಾಳಿ. ಅದಕ್ಕೆ ಪ್ರತಿ ಮೂಲೆಯಲ್ಲೂ ಕೈಯಿಂದ ಅಡ್ಡಕ್ಕೆ ಜೋಡಿ ಹೊಲಿಗೆ ಹಾಕಿ ಬಿಗಿ ಮಾಡಿದಳು.

ಇದು ನಿಂತಿತು. ನಿಂತಿತು ಅಂದರೆ, ಒಂದು ಚಳಿಗಾಲ ಪೂರ್ತಿ ಬೀಡು ಕಬ್ಬಿಣ ಕಡೆದ ಮೇಲೂ ಬೆಡ್ ಕನ್ನಡಿಯಾಗಿ ಹೊಳೆಯುತ್ತಿತ್ತು. ಮೊದಲು ಕೇಳಿಕೊಂಡು ಬಂದವರು ಗೇರ್ ತಾತ. ಗೇರು ಕತ್ತರಿಸುವುದರಲ್ಲಿ ಬೀದಿಗೇ ಹಿರಿಯರು. ಮಾತು ಕಮ್ಮಿ, ಆಡಿದ ಮಾತಿಗೆ ಎದುರಿಲ್ಲ. ಅವರು ಹೊದಿಕೆಯನ್ನು ಎಳೆದರು, ಬಿಟ್ಟರು, ಫೆಲ್ಟನ್ನು ಉಗುರಿನಿಂದ ಕೆದಕಿದರು, ‘ನನಗೂ ಒಂದು ಹೊಲಿದುಕೊಡಮ್ಮ’ ಎಂದು ಹೋದರು. ತಾತನ ಮೆಷಿನ್ನಿನ ಮೇಲೆ ಕಂಡದ್ದೇ ತಡ, ಎದುರು ಶಟರಿನ ಸ್ಪ್ರಿಂಗು ಓಡಿ ಬಂದ. ಕೂತಲ್ಲಿ ಕೂರದೆ ನಿಂತಲ್ಲಿ ನಿಲ್ಲದೆ ಪುಟಿಯುತ್ತಿದ್ದ ಆಸಾಮಿಗೆ ಬೀದಿಯವರು ಇಟ್ಟ ಹೆಸರು ಅದು. ಅವನಲ್ಲಿ ಸಣ್ಣ ಲೇತುಗಳೇ ಸಾಲಾಗಿದ್ದವು, ಎಲ್ಲಕ್ಕೂ ಬೇಕೆಂದ. ಆಮೇಲೆ ಆಚೆ ಬೀದಿಯವರು, ಅದರಾಚೆಯವರು. ಆಕೆ ಹೊದಿಕೆ ಅಕ್ಕ ಆದದ್ದು ಹೀಗೆ.

ಪ್ರತಿ ಹೊದಿಕೆಯ ಜೊತೆಗೂ ಆಕೆ ಪಾಠವೊಂದನ್ನು ಒಪ್ಪಿಸುತ್ತಿದ್ದಳು. ಸಂಜೆ ಬಿಚ್ಚಬೇಕು, ಬ್ರಷ್‌ನಿಂದ ಗುಡಿಸಬೇಕು, ಫೆಲ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಿಂಡಿ ಹೊಸ ಎಣ್ಣೆ ಕುಡಿಸಬೇಕು. ತೊಳೆಯದ ಫೆಲ್ಟು ಪುಡಿ ತುಂಬಿಕೊಂಡು ತಾನೇ ಅರ ಆಗುತ್ತದೆ, ಕಾಯಬೇಕಾದ ಬೆಡ್ಡನ್ನು ತಾನೇ ತಿನ್ನುತ್ತದೆ. ಮತ್ತೆ, ಏನೇ ಆದರೂ ಗಾಳಿ ಹೊಡೆಯಬಾರದು. ಪೈಪಿನಲ್ಲಿ ಜೋರಾಗಿ ಗಾಳಿ ಬಿಟ್ಟರೆ ಮೇಲಿನ ಕಸ ಹಾರಿಹೋಗಿ ಕಣ್ಣಿಗೇನೋ ಚೊಕ್ಕಟವಾಗಿ ಕಾಣುತ್ತದೆ. ಆದರೆ ನುಣ್ಣನೆಯ ಪುಡಿ ಫೆಲ್ಟಿನ ಕೆಳಗೆ ನುಗ್ಗಿ, ಹೋಗಬಾರದ ಜಾಗದಲ್ಲೇ ಹೋಗಿ ಕೂರುತ್ತದೆ. ಇದು ಆಕೆ ಕಂಡುಹಿಡಿದದ್ದೇನಲ್ಲ. ಆಕೆಗೆ ಇದನ್ನು ಹೇಳಿಕೊಟ್ಟವನು ಗಂಡ. ಲೇತಿಗೆ ಗಾಳಿ ಹೊಡೆಯುವವನನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥವರು ಟರ್ನರ್‌ಗಳಲ್ಲ, ಪಂಕ್ಚರ್ ಹಾಕಲು ಹೋಗಲಿ ಎಂದು ಟೀ ಅಂಗಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ.

ಹೆಂಡತಿಗೆ ಹೆಸರು ಬಂದದ್ದು ಗಂಡನಿಗೆ ಮೊದಮೊದಲು ಹೆಮ್ಮೆಯೇ. ಆಮೇಲಾಮೇಲೆ ಶಟರಿನ ಮುಂದೆ ಬಂದು ನಿಂತವರು, ಲೇತಿನ ಮುಂದಿದ್ದ ಅವನನ್ನು ದಾಟಿ ಒಳಗೆ ಇಣುಕಿ, ‘ಅಕ್ಕ ಇದ್ದಾರಾ?’ ಎಂದು ಕೇಳತೊಡಗಿದರು. ಅವನು ಕಬ್ಬಿಣ ಕಚ್ಚಿ ಹಿಡಿದು ತಿರುಗುವ ಚಕ್ಕಿನ ಕಡೆ ನೋಡಿಕೊಂಡೇ ಗಲ್ಲದಿಂದ ಅಡುಗೆಮನೆ ತೋರಿಸುತ್ತಿದ್ದ. ಹೊರಗಿನವರಿಗೆ ಹೇಳುವ ಪಾಠವನ್ನು ಆಕೆ ಸಂಜೆ ಅವನಿಗೂ ಹೇಳಿದರೆ, ನನಗೇ ಹೇಳಿಕೊಡ್ತೀಯಾ ಎಂದು ಮುಖ ಗಂಟುಹಾಕುತ್ತಿದ್ದ. ಫೆಲ್ಟು ತೊಳೆಯುವುದು ಆಕೆಯ ಪಾಲಿಗೇ ಬಂತು. ಸುಸ್ತಾದ ದಿನ ಆಕೆ ಬಿಟ್ಟರೆ ಅದು ಹಾಗೇ ಇರುತ್ತಿತ್ತು.

ಅಷ್ಟರಲ್ಲಿ ಸ್ಪ್ರಿಂಗು ಗಾಳಿ ಹೊಡೆಯುವ ಒಂದು ಕಂಪ್ರೆಸರ್ ತಂದ. ಡ್ರಿಲ್ ಓಡಿಸುವುದಕ್ಕೆ, ಪೇಂಟ್ ಹೊಡೆಯುವುದಕ್ಕೆ ಎಂದು ತಂದದ್ದು. ಉದಾರಿ ಮನುಷ್ಯ, ಯಾರಿಗೆ ಬೇಕಾದರೂ ಬಳಸಿ ಎಂದು ಉದ್ದನೆಯ ಪೈಪನ್ನು ಬೀದಿಗೇ ಬಿಟ್ಟಿದ್ದ. ಅದೇ ದಿನಗಳಲ್ಲಿ ಗಂಡನಿಗೆ ಬೀಡು ಕಬ್ಬಿಣದ ಪುಲ್ಲಿಗಳ ದೊಡ್ಡ ಕೆಲಸ ಬಂತು, ಜೊತೆಗೇ ಸೊಂಟನೋವೂ ಬಂತು. ದಿನವೆಲ್ಲ ಬಗ್ಗಿ ಕಡೆದ ಮೇಲೆ ಮತ್ತೆ ಬಗ್ಗಿ ಬ್ರಷ್ ಆಡಿಸಬೇಕೆಂದರೆ ಯಾರಿಗಾದರೂ ಪ್ರಾಣಸಂಕಟವೇ. ಒಂದು ಸಂಜೆ ಆಕೆ ಬಟ್ಟೆಯ ಅಂಗಡಿಗೆ ಹೋಗಿದ್ದಾಗ ಅವನು ಪೈಪು ಎಳೆದುಕೊಂಡ. ಹೊದಿಕೆ ಬಿಚ್ಚುವ ಗೋಜಿಗೂ ಹೋಗದೆ, ಹಾಕಿದ್ದ ಹಾಗೇ ಗಾಳಿ ಬಿಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಚೊಕ್ಕಟ. ಆಕೆ ಹೊರಗೆ ಹೋದ ಹೊತ್ತು ನೋಡಿ ಮರುದಿನವೂ ಬಿಟ್ಟ, ಅದರ ಮರುದಿನವೂ. ಮೇಲೆಲ್ಲ ಚೊಕ್ಕಟವಾಗಿದ್ದುದನ್ನು ಕಂಡು, ಅವನೇ ಗುಡಿಸಿ ಫೆಲ್ಟನ್ನೂ ತೊಳೆದಿದ್ದಾನೆ ಎಂದು ಆಕೆ ನಂಬಿದಳು. ಬೀದಿಯಲ್ಲಿ ಯಾರ ಕಣ್ಣಿಗೂ ಬೀಳದಿರಲಿ ಎಂದು ಶಟರನ್ನು ಅರ್ಧ ಎಳೆದುಕೊಳ್ಳುತ್ತಿದ್ದ. ಆಕೆ ಒಂದೆರಡು ಸಲ ಪೈಪು ತಮ್ಮ ಹೊಸ್ತಿಲ ಕಡೆ ಬಿದ್ದಿದ್ದನ್ನು ನೋಡಿದಳು, ಸ್ಪ್ರಿಂಗು ಸುತ್ತಿಡಲು ಮರೆತಿದ್ದಾನೆ ಎಂದುಕೊಂಡು ದಾಟಿ ಹೋದಳು.

ಪುಲ್ಲಿಯ ಕೆಲಸ ಮುಗಿಯಿತು. ಆಮೇಲೆ ಮಾಡಿಕೊಟ್ಟ ಬುಶ್ ಎಂಬ ಗಿಡ್ಡ ಕೊಳವೆಗಳು ಒಂದೊಂದಾಗಿ ವಾಪಸ್ಸು ಬರತೊಡಗಿದವು. ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಗಂಡ ಉಳಿ ಬದಲಿಸಿದ, ಚಕ್ ಬದಲಿಸಿದ, ಕಬ್ಬಿಣ ಕೊಟ್ಟವನನ್ನು ಬೈದ. ಕೊನೆಗೆ ಬೇರೆ ದಾರಿ ಕಾಣದೆ ಗೇರ್ ತಾತನನ್ನು ಕರೆದ. ತಾತ ತಮ್ಮ ಉಕ್ಕಿನ ನೇರ ಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿರುವುದನ್ನು ಕಂಡ ಬೀದಿಯವರೂ ಹಿಂದೆ ಬಂದರು. ಇನ್ನೊಬ್ಬರ ಲೇತು ಕೆಟ್ಟಿದೆಯೆಂದರೆ ಕೆಲಸ ಬಿಟ್ಟು ನೋಡಲು ಬರುವುದರಲ್ಲಿ ಟರ್ನರ್‌ಗಳನ್ನು ಮೀರಿಸುವವರಿಲ್ಲ.

ಅವರು ಬರುವುದಕ್ಕೆ ಮುಂಚೆಯೇ ಆಕೆ ಹೊದಿಕೆ ಬಿಚ್ಚಿಟ್ಟಿದ್ದಳು. ಬಿಚ್ಚಿದ ಕೂಡಲೇ ಕೈ ನಿಂತಿತು. ನೆರಿಗೆಗಳ ಹೊರಮೈ ತೊಳೆದಿಟ್ಟಷ್ಟು ಚೊಕ್ಕಟ, ಒಳಮೈಯಲ್ಲಿ ಕರಿ ಪುಡಿ. ಅದೂ ಉದುರಿ ಬಿದ್ದ ಪುಡಿಯಲ್ಲ. ಬೀಸಣಿಗೆಯ ಕಡ್ಡಿಗಳಂತೆ ಒಂದೇ ಕಡೆಯಿಂದ ಹರಡಿ, ನೆರಿಗೆಯ ಬುಡದಲ್ಲಿ ಬಿಗಿಯಾಗಿ ತುಂಬಿಕೊಂಡಿತ್ತು. ಫೆಲ್ಟಿನ ಅಂಚು ಒಳಕ್ಕೆ ಮಡಿಚಿಕೊಂಡಿತ್ತು, ಬೆಡ್ಡಿನ ಮೇಲಿನ ಎಣ್ಣೆ ಗೆರೆಗೆರೆಯಾಗಿ ಒಣಗಿತ್ತು. ಉದುರುವ ಕಸ ಹೀಗೆ ಕೂರುವುದಿಲ್ಲ. ಗಾಳಿ ಹೊಡೆದು ಕೂರಿಸಬೇಕು. ಹೊಸ್ತಿಲಲ್ಲಿ ಬಿದ್ದಿದ್ದ ಪೈಪು ಆಗ ಆಕೆಗೆ ನೆನಪಾಯಿತು. ಗಂಡನ ಕಡೆ ನೋಡಿದಳು. ಅವನು ಶಟರನ್ನು ಪೂರ್ತಿ ಮೇಲೆತ್ತುವುದರಲ್ಲಿ ಮಗ್ನನಾಗಿದ್ದ.

ತಾತ ಪಟ್ಟಿಯಿಟ್ಟು ನೋಡಿದರು. ಚಕ್ಕಿನ ಹತ್ತಿರ ಬೆಡ್ಡಿನ ಮೇಲೆ ಬೆಕ್ಕು ಪರಚಿದಂತೆ ಗೀರುಗಳು, ಪಟ್ಟಿಯ ಅಡಿಯಲ್ಲಿ ಬೆಳಕು ಕಾಣುವಷ್ಟು ಬೆಡ್ ಸವೆದು ತಗ್ಗಾಗಿತ್ತು. ಬೀದಿಯವರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಸಾವಿನ ಮನೆಗೆ ಬಂದವರ ಹಾಗೆ ನಿಂತಿದ್ದರು. ತಾತ ಬಟ್ಟೆಯಲ್ಲಿ ಪಟ್ಟಿಯನ್ನು ಸುತ್ತುತ್ತಾ ಕೇಳಿದರು.

“ಹೊದಿಕೆ ಎಲ್ಲೂ ಹರಿದಿಲ್ಲ. ಪುಡಿ ಒಳಗೆ ಹ್ಯಾಗೆ ಹೋಯ್ತು?”

ಗಂಡ ಕೈಯ ಎಣ್ಣೆಯನ್ನು ಹಳೆ ಬಟ್ಟೆಗೆ ಒರೆಸಿಕೊಂಡ. ಆ ಒಂದು ಗಳಿಗೆಯಲ್ಲಿ ಅವನು ಏನು ಬೇಕಾದರೂ ಹೇಳಬಹುದಿತ್ತು. ಸೊಂಟನೋವು ಎನ್ನಬಹುದಿತ್ತು, ಬುದ್ಧಿ ಕೆಟ್ಟಿತ್ತು ಎನ್ನಬಹುದಿತ್ತು. ನಾಲ್ಕು ದಿನ ನಗುತ್ತಿದ್ದರು, ಆಮೇಲೆ ಮರೆಯುತ್ತಿದ್ದರು.

“ಫೆಲ್ಟು ಸರಿ ಇಲ್ಲ ತಾತ,” ಎಂದ. “ಕೊಡೆ ಬಟ್ಟೆ, ಬೂಟಿನ ಫೆಲ್ಟು. ಮನೆ ಹೆಂಗಸರ ಕೈಕೆಲಸ ನಂಬ್ಕೊಂಡು ನಾನು ಕೆಟ್ಟೆ.”

ಎಲ್ಲರೂ ಆಕೆಯ ಕಡೆ ತಿರುಗಿದರು. ಆಕೆಯ ಕೈಯಲ್ಲಿ ಹೊದಿಕೆ ಇತ್ತು. ಬಿಡಿಸಿ ಒಳಮೈ ತೋರಿಸಿದ್ದರೆ ಸಾಕಿತ್ತು, ಅಲ್ಲಿದ್ದವರಿಗೆ ಬಾಯಿಬಿಟ್ಟು ಹೇಳಬೇಕಾದ್ದೇ ಇರಲಿಲ್ಲ. ಗಂಡ ಆಕೆಯನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಹೆದರಿಕೆ ಇತ್ತು. ಮದುವೆಯಾದಾಗಿನಿಂದ ಆಕೆ ಅಲ್ಲಿ ನೋಡದೇ ಇದ್ದ ಹೆದರಿಕೆ. ಟರ್ನರಿನ ಹೆಸರು ಒಮ್ಮೆ ಹೋದರೆ ಹೋಯಿತು, ನನ್ನದು ಹೊಲಿಗೆ ತಾನೆ, ಹೊಲಿದು ಸರಿಮಾಡಿಕೊಂಡೇನು ಎಂದು ಲೆಕ್ಕ ಹಾಕಿದಳು ಪುಣ್ಯಾತ್ಗಿತ್ತಿ. ಹೊದಿಕೆಯನ್ನು ಮಡಚಿ ಎದೆಗವಚಿಕೊಂಡು ತುಟಿಪಿಟಕ್ಕೆನ್ನದೆ ನಿಂತಳು. ಅಲ್ಲಿ ಆಕೆಯ ತಲೆಯ ಮೇಲೆ ಎರಡು ಮೊಟಕುವವರು ಯಾರಾದರೂ ಇರಬೇಕಿತ್ತು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ತಟ್ಟೆ ನೋಡಿಕೊಂಡೇ ಮಾತಾಡಿದ. ಮಗಳು ಸ್ಕೂಲಿಂದ ಬಂದಿರಲಿಲ್ಲ.

“ನೀನು ಸುಮ್ಮನಿದ್ದದ್ದು ಒಳ್ಳೇದಾಯ್ತು. ನನ್ನ ಮರ್ಯಾದೆ ಉಳಿಸಿದೆ. ಸ್ವಲ್ಪ ತಣ್ಣಗಾಗ್ಲಿ, ನಾನೇ ಎಲ್ಲರಿಗೂ ಹೇಳ್ತೀನಿ.”

ಆಕೆಗೆ ಅಳು ಬಂತು, ಸಂತೋಷದ ಅಳು. ಹೇಳುತ್ತಾನೆ ಎಂದು ನಂಬಿದಳು. ನಂಬದೇ ಇರಲು ಅವನು ಅಷ್ಟರವರೆಗೆ ಕಾರಣ ಕೊಟ್ಟಿರಲಿಲ್ಲ.

ಹೊದಿಕೆಗಳು ವಾಪಸ್ಸು ಬರಲು ಶುರುವಾದವು. ಸ್ಪ್ರಿಂಗು ಎಲ್ಲವನ್ನೂ ಒಂದೇ ಕಂತೆ ಮಾಡಿ ದಾರ ಕಟ್ಟಿ ತಂದು ಬಾಗಿಲಲ್ಲಿಟ್ಟ. ತಪ್ಪು ತಿಳಿಯಬೇಡಿ ಅಕ್ಕ, ನಮ್ಮವು ಹೊಟ್ಟೆಪಾಡಿನ ಮೆಷಿನ್ನುಗಳು ಎಂದು ಕಾಲಿಂದ ಕಾಲಿಗೆ ಭಾರ ಬದಲಿಸುತ್ತಾ ಹೇಳಿ ಓಡಿದ. ಕೆಲವರು ಮಕ್ಕಳ ಕೈಲಿ ಕಳಿಸಿದರು. ಕೆಲವರು ಕಳಿಸಲೂ ಇಲ್ಲ, ಕಸದ ಡಬ್ಬದ ಮೇಲೆ ಹಾಕಿದರು. ಬೀದಿಯಲ್ಲಿ ಹೋಗುವಾಗ ಆಕೆಯ ಕಣ್ಣಿಗೆ ಬಿತ್ತು. ಶಟರಿಗೆ ಬಂದು ‘ಅಕ್ಕ ಇದ್ದಾರಾ?’ ಎನ್ನುವವರು ನಿಂತರು.

ಗೇರ್ ತಾತ ಮಾತ್ರ ಹೊದಿಕೆಯನ್ನು ಇಟ್ಟುಕೊಂಡಿದ್ದರು. ಒಂದು ದಿನ ಆಕೆ ತರಕಾರಿ ತರುವಾಗ ಒಳಗೆ ಕರೆದು, ತಮ್ಮ ಮೆಷಿನ್ನಿನ ಹೊದಿಕೆ ಎತ್ತಿ, ಒಳಗಿನ ಬೆಡ್ಡನ್ನು ತೋರಿಸಿದರು. ಒಂದು ಗೀರಿರಲಿಲ್ಲ.

“ಇಲ್ಲಿ ನೋಡಮ್ಮ. ಅದೇ ಬಟ್ಟೆ, ಅದೇ ಫೆಲ್ಟು. ಅಲ್ಲಿ ನಿಜವಾಗಿ ಏನಾಯ್ತು, ನನ್ನೊಬ್ಬನಿಗೆ ಹೇಳು.”

ತಾತನಿಗೆ ಗೊತ್ತಿತ್ತು. ಆಕೆಯ ಬಾಯಿಂದ ಒಂದು ಮಾತು ಬೇಕಿತ್ತು, ಅಷ್ಟೆ. ಆದರೆ ಗಂಡ ತಾನೇ ಹೇಳುತ್ತೇನೆ ಎಂದಿದ್ದನಲ್ಲ; ಅವನು ಹೇಳುವ ಮುಂಚೆ ತಾನು ಹೇಳಿದರೆ ಅವನ ಮುಖ ಎಲ್ಲಿ ಉಳಿಯುತ್ತದೆ ಎಂದು ಆಕೆಗೆ ಅನ್ನಿಸಿತು. ಆ ಸಲ ತಂದ ಫೆಲ್ಟು ಕಳಪೆ ಇತ್ತು ತಾತ, ನಂದೇ ತಪ್ಪು ಎಂದುಬಿಟ್ಟಳು. ತಾತ ಹೊದಿಕೆಯನ್ನು ಮತ್ತೆ ಬೆಡ್ಡಿನ ಮೇಲೆ ಎಳೆದರು. ಹೊಲಿದವಳೇ ಹಾಗೆಂದ ಮೇಲೆ ಮುಗೀತು ಬಿಡಮ್ಮ ಎಂದರು. ಮರುದಿನ ಅವರ ಹೊದಿಕೆಯೂ ಬಂತು, ತೊಳೆದು, ಮಡಚಿ, ಮರ್ಯಾದೆಯಿಂದ. ಅದನ್ನು ಕಂಡಾಗ ಆಕೆಗೆ ತಾನು ಏನು ಮಾಡಿಕೊಂಡೆ ಎಂಬುದು ಮೊದಲ ಸಲ ಪೂರ್ತಿ ಅರ್ಥವಾಯಿತು. ಒಂದು ವರ್ಷ ಕಳೆಯುವುದರೊಳಗೆ ತಾತ ತೀರಿಕೊಂಡರು. ಕೇಳುವವರೂ ಹೋದರು.

ಲೇತನ್ನು ಗುಜರಿಗೆ ಕೊಟ್ಟಾಯಿತು. ಗಂಡ ಸ್ಪ್ರಿಂಗುವಿನ ಕೈಕೆಳಗೆ ಕೆಲಸಕ್ಕೆ ನಿಂತ. ಆಕೆ ಸ್ಕೂಟರ್ ಸೀಟಿನ ಕವರು, ದಿಂಬಿನ ಚೀಲ ಹೊಲಿದಳು. ಅದರಲ್ಲಿ ಹೊಟ್ಟೆ ತುಂಬುತ್ತಿತ್ತು, ಇಲ್ಲವೆನ್ನಲಾಗದು. ಆದರೆ ಬುದ್ಧಿ ಉಪಯೋಗಿಸಿ ಮಾಡುವ ಕೆಲಸದ ರುಚಿ ಒಮ್ಮೆ ಹತ್ತಿದವರಿಗೆ ದಿಂಬಿನ ಚೀಲ ಹೊಲಿಯುವುದೆಂದರೆ ಏನೆಂದು ಹೊಲಿದವರಿಗೇ ಗೊತ್ತು. ಮುಂದಿನ ಕೋಣೆಯಲ್ಲಿ ಲೇತಿದ್ದ ಜಾಗದಲ್ಲಿ ಆಕೆ ಮಂಚ ಹಾಕಿದಳು. ಊಟದ ತಟ್ಟೆಯಲ್ಲಿ ಪುಡಿ ಇಲ್ಲದ್ದೇ ಆಕೆಗೆ ಕಸಿವಿಸಿಯಾಗುತ್ತಿತ್ತು.

ಇತ್ತ ಗಂಡನ ಬಾಯಲ್ಲಿ ಲೇತಿನ ಕಥೆ ಬೆಳೆಯತೊಡಗಿತು. ಹೊಸಬರು ಯಾರು ಬಂದರೂ, ಸ್ವಂತ ಲೇತು ಏನಾಯಿತು ಎಂದು ಕೇಳುವರು, ಅವನು ಹೇಳುವನು. ಮೊದಮೊದಲು ಒಂದೇ ಮಾತು, ಹೊದಿಕೆ ಸರಿ ಇರಲಿಲ್ಲ ಎಂದಷ್ಟೇ. ಬರಬರುತ್ತಾ ಅದಕ್ಕೆ ಉಪ್ಪು ಖಾರ ಸೇರಿತು. ಬೇಡ ಬೇಡ ಎಂದು ತಾನು ಎಷ್ಟೋ ಹೇಳಿದ್ದು, ಹೆಂಡತಿ ಆಸೆಪಟ್ಟಳಲ್ಲ ಎಂದು ಒಪ್ಪಿದ್ದು, ಸಂಜೆ ಸಂಜೆ ತಾನೇ ಬ್ರಷ್ ಹಿಡಿದು ಗುಡಿಸುತ್ತಿದ್ದದ್ದು. ಬ್ರಷ್‌ನ ಮಾತು ಬಂದಾಗ ಬಾಗಿಲ ಹಿಂದೆ ನಿಂತಿದ್ದ ಆಕೆಗೆ ಕಪಾಳಕ್ಕೆ ಹೊಡೆದಂತಾಯಿತು. ಕೇಳಿದವರು ಅಯ್ಯೋ ಪಾಪ ಎನ್ನುತ್ತಿದ್ದರು. ಆ ಪಾಪ ಯಾರಿಗೆ ಸೇರಬೇಕಿತ್ತೋ ಅವಳು ಅವರಿಗೆ ಟೀ ತಂದು ಕೊಡುತ್ತಿದ್ದಳು.

ಒಂದು ಸಲ, ಮನೆಯಲ್ಲಿ ಇಬ್ಬರೇ ಇದ್ದಾಗ, ಹೇಳ್ತೀನಿ ಅಂದಿದ್ರಲ್ಲ, ಯಾವಾಗ ಹೇಳ್ತೀರಿ ಎಂದು ಕೇಳಿಯೇ ಬಿಟ್ಟಳು. ಹಳೆ ಗಾಯ ಯಾಕೆ ಕೆರೀತೀಯ, ಯಾರಿಗೂ ನೆನಪಿಲ್ಲ ಅದು ಎಂದ. ಮತ್ತೆ ಕೆಲವು ವರ್ಷ ಬಿಟ್ಟು ಕೇಳಿದಾಗ ಏನು ಹೇಳಬೇಕಿತ್ತು ನಾನು ಎಂದ. ಆಟ ಆಡುತ್ತಿದ್ದಾನೆ ಎಂದುಕೊಂಡು ಆಕೆ ಆ ದಿನ ಅವನೊಂದಿಗೆ ಮಾತು ಬಿಟ್ಟಳು. ಯಾಕೆ ಮಾತು ಬಿಟ್ಟಿದ್ದಾಳೆಂದು ಅವನು ಮಗಳ ಹತ್ತಿರ ವಿಚಾರಿಸಿದನಂತೆ.

ಇದರ ನಡುವೆ ಬ್ಯಾಗು ಹೊಲಿಯುವವನೊಬ್ಬ ಬೀದಿಯ ತುದಿಯಲ್ಲಿ ಅಂಗಡಿ ಹಾಕಿದ, ಸ್ವಲ್ಪ ದಿನದಲ್ಲೇ ಲೇತಿನ ಹೊದಿಕೆ ಮಾರತೊಡಗಿದ. ಸ್ಪ್ರಿಂಗು ಕೊಂಡ ಹೊದಿಕೆಯೊಂದನ್ನು ಗಂಡ ಮನೆಗೇ ತಂದು ತೋರಿಸಿದ. “ಹೊದಿಕೆ ಅಂದ್ರೆ ಇದು ನೋಡು,” ಎಂದ. ಆಕೆ ಎಳೆದು ನೋಡಿದಳು. ನೆರಿಗೆ ತನ್ನದೇ, ಒಳಗಿನ ಎಕ್ಸ್‌ರೇ ಪಟ್ಟಿ ತನ್ನದೇ, ಅಂಚಿನ ಫೆಲ್ಟೂ ತನ್ನದೇ ಕತ್ತರಿಕೆ. ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿ ಮೂಲೆಯಲ್ಲೂ ಅಡ್ಡಕ್ಕೆ ಹಾಕಿದ ಜೋಡಿ ಹೊಲಿಗೆ. ಆ ಬ್ಯಾಗಿನವನದು ಹೊಸ ಮೋಟರ್ ಮೆಷಿನು, ಅದು ಯಾವ ಮೂಲೆಯಲ್ಲೂ ಹೊಲಿಗೆ ಹಾರಿಸುವುದಿಲ್ಲ. ಆದರೂ ಕಸದಿಂದ ಎತ್ತಿಕೊಂಡ ಹೊದಿಕೆಯನ್ನು ಬಿಚ್ಚಿ ನೋಡಿ, ಆಕೆಯ ಮೆಷಿನ್ನಿನ ಚಾಳಿಯನ್ನೂ ಸೇರಿಸಿ ನಕಲು ಹೊಡೆದಿದ್ದ. ಚೆನ್ನಾಗಿದೆ ಎಂದು ಹೇಳಿ ಆಕೆ ವಾಪಸ್ಸು ಕೊಟ್ಟಳು. ಆ ರಾತ್ರಿ ಊಟ ಮಾಡಲಿಲ್ಲ.

ಒಂದೇ ಒಂದು ಆಸೆ ಉಳಿದಿತ್ತು. ಬೀದಿ ಹಾಳಾಗಿ ಹೋಗಲಿ, ಮಗಳಿಗಾದರೂ ಗೊತ್ತಾಗಬೇಕು. ಮಗಳು ಬೆಳೆದದ್ದೇ ಅಪ್ಪನ ಕಥೆ ಕೇಳಿಕೊಂಡು. ಅಮ್ಮನ ಹೊದಿಕೆಯಿಂದ ಅಪ್ಪನ ಲೇತು ಹೋಯಿತು ಎಂಬುದು ಅವಳಿಗೆ ಸೂರ್ಯ ಹುಟ್ಟುವಷ್ಟು ಖಚಿತ. ತಾನೇ ಹೇಳಬಹುದಿತ್ತಲ್ಲ ಎಂದರೆ, ತಾನು ಹೇಳಿದರೆ ಅದು ದೂರು, ಅವನು ಹೇಳಿದರೆ ಅದು ಸತ್ಯ ಎಂದು ಆಕೆ ಕಾದಳು. ಕಾಯುವುದು ಎಂಥ ಕೆಟ್ಟ ಚಟ ಎಂದು ಯಾರೂ ಆಕೆಗೆ ಹೇಳಿರಲಿಲ್ಲ.

ಮಗಳು ಟರ್ನಿಂಗ್ ಕಲಿತಳು, ಅದೇ ಕೆಲಸದವನನ್ನೇ ಮದುವೆಯಾದಳು. ಇಬ್ಬರೂ ದುಡಿದು ಒಂದು ಶೆಡ್ಡು ಹಿಡಿದು, ಹೊಸದೊಂದು ಸಣ್ಣ ಲೇತು ತಂದು ಕೂರಿಸಿದ ದಿನ ಅಪ್ಪ ಅಮ್ಮನನ್ನು ಕರೆದರು. ಗಂಡ ಆಗಲೇ ಕೆಲಸ ಬಿಟ್ಟಿದ್ದ, ನಡೆಯಲು ಕೋಲು ಬಂದಿತ್ತು. ಹೊಸ ಬೆಡ್ಡಿನ ಮೇಲೆ ಬೆರಳಿನ ಉಗುರು ಎಳೆದು ತಲೆಯಾಡಿಸಿದ. ಆಕೆ ಯಾರಿಗೂ ಹೇಳದೆ ಚೀಲದಲ್ಲಿ ಅಳತೆ ಟೇಪು ತಂದಿದ್ದಳು. ಮಾತಿನ ನಡುವೆಯೇ ಬಗ್ಗಿ ಬೆಡ್ಡಿನ ಉದ್ದ ಹಿಡಿಯತೊಡಗಿದಳು.

“ಏನಮ್ಮ ಮಾಡ್ತಿದ್ದೀಯ?” ಎಂದಳು ಮಗಳು.

“ಅಳತೆ ತಗೋತಿದ್ದೀನಿ. ಒಳ್ಳೇ ಹೊದಿಕೆ ಹೊಲಿದು ಕೊಡ್ತೀನಿ.”

ಮಗಳು ತನ್ನ ಗಂಡನ ಮುಖ ನೋಡಿದಳು. ಬ್ಯಾಗಿನವರಿಗೆ ಹೇಳಿ ಆಗಿದೆ ಎಂದಳು. ನಿನ್ನ ಕೈಲಿ ಆಗಲ್ಲ ಅಂತಲ್ಲಮ್ಮ ಎಂದು ಸೇರಿಸಿದಳು. ಆಮೇಲೆ ತಡೆಯಲಾರದೆ, ಹೊಸ ಮೆಷಿನ್ನಲ್ಲವಾ ಎಂದಳು. ಆ ಮಾತಿನಲ್ಲಿ ಎಲ್ಲವೂ ಇತ್ತು. ಆಕೆ ಟೇಪು ಹಿಡಿದುಕೊಂಡೇ ಗಂಡನ ಕಡೆ ತಿರುಗಿದಳು. ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ, ಬೇರೆಯವರು ಯಾರೂ ಇಲ್ಲ, ಬಾಯಿಬಿಟ್ಟು ಒಂದು ಮಾತು ಹೇಳಲಿ ಎಂದು ಕಣ್ಣಲ್ಲೇ ಕೇಳಿದಳು. ಅವನಿಗೆ ಅರ್ಥವಾಯಿತು. ಅರ್ಥವಾಯಿತು ಎಂದೇ ಆಕೆಗೆ ಅನ್ನಿಸಿತು, ಯಾಕೆಂದರೆ ಅವನು ಕೋಲನ್ನು ಗೋಡೆಗೆ ಒರಗಿಸಿ ಗಂಟಲು ಸರಿಮಾಡಿಕೊಂಡ. ಆಕೆ ಟೇಪನ್ನು ಸುತ್ತಿಕೊಳ್ಳುತ್ತಾ ನೆಟ್ಟಗೆ ನಿಂತಳು.

“ಹೊಲೀಲಿ ಬಿಡು ಮಗಳೇ,” ಎಂದ. “ಒಂದು ಸಲ ತಪ್ಪಾದ್ರೆ ಯಾವಾಗ್ಲೂ ತಪ್ಪಾಗುತ್ತಾ? ನನ್ನ ಲೇತು ಹೋಯ್ತು, ಹೋಗ್ಲಿ. ನಾನು ನಿಮ್ಮಮ್ಮನನ್ನ ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಿ. ನೀವೂ ಅದನ್ನ ಮನಸ್ಸಲ್ಲಿ ಇಟ್ಕೋಬೇಡಿ.”

ಮಗಳ ಕಣ್ಣು ತುಂಬಿ ಬಂತು. ಅಳಿಯನೂ ಗೌರವದಿಂದ ತಲೆ ತಗ್ಗಿಸಿದ. ಅಪ್ಪ, ನಿಮ್ಮಷ್ಟು ದೊಡ್ಡ ಮನಸ್ಸು ಯಾರಿಗಿರುತ್ತೆ ಎಂದು ಮಗಳು ಅವನ ಕೈ ಹಿಡಿದುಕೊಂಡಳು.

ಆಕೆ ಟೇಪನ್ನು ಬೆಡ್ಡಿನ ಮೇಲೆ ಇಟ್ಟಳು. ಇಷ್ಟು ವರ್ಷ ಬಾಯೊಳಗೆ ಇಟ್ಟುಕೊಂಡಿದ್ದದ್ದು ತಾನಾಗಿ ಹೊರಬಂತು.

“ಗಾಳಿ ಹೊಡೆದದ್ದು ನೀವು.”

“ಯಾವ ಗಾಳಿ?” ಎಂದ ಗಂಡ.

ಆಕೆ ಅವನ ಮುಖವನ್ನು ಹುಡುಕಿದಳು. ಸುಳ್ಳು ಹೇಳುವಾಗ ಅವನ ಎಡ ಹುಬ್ಬು ಅದುರುವುದು ಆಕೆಗೆ ಗೊತ್ತು. ಅಂದು ತಾತನ ಎದುರು ಅದುರಿತ್ತು, ಆಕೆ ನೋಡಿದ್ದಳು. ಈಗ ಅದುರಲಿಲ್ಲ. ಮುದುಕನ ಮುಖದಲ್ಲಿ ಬೆರಗು ಬಿಟ್ಟು ಬೇರೇನೂ ಇರಲಿಲ್ಲ. ಅವನು ಆಟ ಆಡುತ್ತಿರಲಿಲ್ಲ, ಮುಚ್ಚಿಡುತ್ತಲೂ ಇರಲಿಲ್ಲ. ಹೇಳಿ ಹೇಳಿ ತಾನೇ ನಂಬಿಬಿಟ್ಟಿದ್ದ. ಪೈಪು, ಅರ್ಧ ಎಳೆದ ಶಟರು, ಊಟಕ್ಕೆ ಕೂತು ಕೊಟ್ಟ ಮಾತು, ಎಲ್ಲ ಈಗ ಲೋಕದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಒಬ್ಬಳಿಗೆ ಮಾತ್ರ ಗೊತ್ತಿರುವುದನ್ನು ಯಾರೂ ನಂಬುವುದಿಲ್ಲ.

ಮಗಳ ಮುಖ ಕೆಂಪಗಾಗಿತ್ತು.

“ಅಮ್ಮ, ಅಪ್ಪ ಒಂದು ದಿನ ನಿನ್ನನ್ನ ಬೈದಿಲ್ಲ. ಈಗ ಕ್ಷಮಿಸಿದೆ ಅಂತ ಬಾಯಿಬಿಟ್ಟು ಹೇಳಿದ ಮೇಲೂ ಅವರ ಮೇಲೇ ಹಾಕ್ತೀಯಲ್ಲ.”

ಗಂಡ ಮಗಳ ಭುಜ ತಟ್ಟಿದ.

“ಸುಮ್ನಿರು ಮಗಳೇ, ನಿಮ್ಮಮ್ಮನಿಗೆ ಏನೂ ಅನ್ಬೇಡ,” ಎಂದ. “ತಪ್ಪು ಮಾಡಿದೋರಿಗೆ ಒಪ್ಕೊಳ್ಳೋದು ಎಷ್ಟು ಕಷ್ಟ ಅಂತ ನಮಗೆ ಗೊತ್ತಾಗಲ್ಲ.”

ಅವನ ದನಿಯಲ್ಲಿ ನಿಜವಾದ ಕನಿಕರವಿತ್ತು.